ಇಳಿಜಾರಿನಲ್ಲೇ ನಿಲ್ಲಿಸುವ ಗೆಳೆಯ

ನಾನು ಗೂಢಚಾರನಾದದ್ದು ಒಂದು ಶನಿವಾರ ಸಂಜೆ, ಫೋನಿನಲ್ಲಿ. ಕೊಳ್ಳೇಗಾಲದಿಂದ ನನ್ನ ಹಳೆಯ ಗೆಳೆಯನ ಹೆಂಡತಿ ಮಾತಾಡುತ್ತಿದ್ದಳು.

“ಅಣ್ಣಾ, ನಾಳೀಕೆ ಇವ್ರು ಗಾಡಿ ತಕಂಡು ನಿಮ್ ತಾವ್ಕೆ ಬತ್ತಾರಂತೆ. ಇಬ್ರೂ ಮಾರ್ಟಳ್ಳಿ ಕಡೆ ಸುತ್ತಾಕ್ಕಂಡು ಬತ್ತೀರಂತೆ. ಇವ್ರ ಮಂಡೀಲಿ ನೋವದೆ ಅಂತ ನಂಗೆ ಅನುಮಾನ. ಕೇಳುದ್ರೆ ಮೈಮ್ಯಾಲೆ ಬತ್ತಾರೆ. ನೀವು ದಿನೆಲ್ಲಾ ಜೊತೇಲಿರ್ತೀರಲ್ಲ, ನೋಡ್ಕಂಡು ಬಂದು ನಿಜ ಏಳಿ. ಓಡ್ಸಕ್ಕಾಗಲ್ಲ ಅಂದ್ರೆ ಗಾಡಿ ಮಾರ್ಬುಡ್ತೀನಿ.”

ಹೇಳಿದ್ದನ್ನು ಮಾಡಿಯೇ ತೀರುವ ಹೆಣ್ಣುಮಗಳು ಅವಳು. “ಆಯ್ತು ಕಣವ್ವ” ಎಂದು ಫೋನಿಟ್ಟೆ. ಆ ಕ್ಷಣದಿಂದ ನನಗೆ ಸಂಕಟ ಶುರುವಾಯಿತು.

ಗೆಳೆಯ ರೇಷ್ಮೆ ಸೀರೆ ನೇಯುವವನು. ಮೂವತ್ತು ವರ್ಷದಿಂದ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಿದ್ದಾನೆ. ಅವನ ಬೈಕಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಬಟನ್ ಒತ್ತಿದರೆ ಶುರುವಾಗುವ ಜಾತಿಯಲ್ಲ ಅದು, ಒದ್ದರೆ ಮಾತ್ರ. “ಬಟನ್ ಇರಾದು ಅಂಗಿಗೆ ಕಣ್ಲಾ” ಎನ್ನುತ್ತಾನೆ. ಕೆಟ್ಟು ನಿಂತರೆ ಮನೆಮಾತಾದ ತೆಲುಗಿನಲ್ಲಿ ಬೈಯುತ್ತಾನೆ, ನಮ್ಮೆದುರು ಗಾಡಿಯ ಮರ್ಯಾದೆ ಹೋಗದಿರಲಿ ಎಂದು. ಬೇರೆ ಯಾರ ಕೈಗೂ ಕೊಡುವವನಲ್ಲ. ಸ್ವಂತ ಬಾಮೈದ ಮದುವೆ ಓಡಾಟಕ್ಕೆಂದು ಕೇಳಿದಾಗಲೂ ಕೊಡದೆ, ಮಾವನ ಮನೆಯಲ್ಲಿ ವರ್ಷಗಟ್ಟಲೆ ಹೆಸರು ಕೆಡಿಸಿಕೊಂಡವನು.

ಭಾನುವಾರ ಬೆಳಿಗ್ಗೆ ಯಳಂದೂರಿನ ನಮ್ಮ ಮನೆ ಮುಂದೆ ಬಂದು ನಿಂತ. ಇಂಜಿನ್ನು ಡಬಡಬ ಅನ್ನುತ್ತಲೇ ಇತ್ತು.

“ಇಳೀಲಾ, ಕಾಫಿ ಕುಡ್ಕಂಡು ಓಗನ.”

“ಒತ್ತಾಯ್ತದೆ. ಹತ್ತು.”

ಕಾಫಿ ಬೇಡವೆಂದವನಲ್ಲ ಅವನು, ಹುಟ್ಟಿದಾಗಿನಿಂದ. ನಾನು ಹೆಲ್ಮೆಟ್ಟಿನೊಳಗೆ ತಲೆ ತುರುಕಿ ಹಿಂದೆ ಕೂತೆ. ಕಚೇರಿ ಕುರ್ಚಿಯಲ್ಲಿ ಗುಮಾಸ್ತಿಕೆ ಮಾಡಿ ಬೆಳೆಸಿದ ನನ್ನ ಹೊಟ್ಟೆ ಅವನ ಬೆನ್ನಿಗೆ ಒತ್ತಿತು.

“ನನ್ ಎಂಡ್ರು ಫೋನ್ ಮಾಡಿದ್ಲಾ?” ಎಂದ, ತಿರುಗದೆಯೇ.

“ಇಲ್ಲಪ್ಪ.”

“ಸುಳ್ಳು ಏಳೋವಾಗೆಲ್ಲ ನೀನು ಅಪ್ಪ ಅಂತೀಯ” ಎಂದು ಗೇರು ಹಾಕಿದ.

ಕುಂತೂರಿನ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಕಾರ್ಖಾನೆಗೆ ಹೋಗುವ ಟ್ರೈಲರಿನಿಂದ ಕಬ್ಬು ಎಳೆಯುವುದು ನಮ್ಮ ಕಡೆ ಕಳ್ಳತನವಲ್ಲ, ಬಾಲ್ಯದ ಹಕ್ಕು. ಅವನು ಗಾಡಿಯನ್ನು ಟ್ರೈಲರಿನ ಹಿಂದಕ್ಕೇ ತಂದು, “ಕೀಳ್ಲಾ!” ಎಂದು ಕೂಗಿದ. ಮೊಮ್ಮಗಳಿರುವ ನಾನು ಕೈ ಚಾಚಿ ಎಳೆದೆ. ಕಬ್ಬು ಬಂತು, ಜೊತೆಗೆ ಭುಜವೂ ಬರುವುದರಲ್ಲಿತ್ತು. ಟ್ರ್ಯಾಕ್ಟರಿನವನು ಕನ್ನಡಿಯಲ್ಲಿ ನೋಡಿ, “ನಿಲ್ಸುದ್ರೆ ನಾನೇ ಕೊಡ್ತಿದ್ನಲ್ಲ ಸಾ, ಬಿದ್ದೀರಿ!” ಎಂದು ನಗತೊಡಗಿದ. ಕೊಟ್ಟರೆ ತಿನ್ನುವುದರಲ್ಲಿ ಏನು ರುಚಿಯಿದೆ?

ಕೊಳ್ಳೇಗಾಲ ದಾಟಿ ಹನೂರಿನ ದಾರಿ ಹಿಡಿದ ಮೇಲೆ ಗೆಳೆಯನಿಗೆ ಇದ್ದಕ್ಕಿದ್ದಂತೆ ಪ್ರಕೃತಿ ಪ್ರೇಮ ಬಂತು. “ನೋಡ್ಲಾ ಆ ಬೆಟ್ಟಾನ!” ಎಂದು ನಿಲ್ಲಿಸಿದ. ಇನ್ನೊಂದಿಷ್ಟು ದೂರ ಹೋಗಿ, “ಆ ಹುಣಸೆ ಮರ ನೋಡು” ಎಂದು ಮತ್ತೆ ನಿಲ್ಲಿಸಿದ. ಬೆಟ್ಟ ಚೆನ್ನಾಗಿಯೇ ಇತ್ತು, ಬಿಸಿಲೇರುವ ಮೊದಲಿನ ನೀಲಿಯಲ್ಲಿ. ಆದರೆ ಹುಣಸೆ ಮರವನ್ನು ನೋಡಲು ಅಷ್ಟು ದೂರ ಹೋಗಬೇಕಿರಲಿಲ್ಲ, ನಮ್ಮ ಕಚೇರಿ ಹಿಂದೆಯೇ ಒಂದಿದೆ. ಮೂರನೆಯ ಸಲ ನಿಂತಾಗ ನನಗೆ ಹೊಳೆಯಿತು. ಅವನು ನಿಲ್ಲಿಸುತ್ತಿದ್ದುದೆಲ್ಲ ಇಳಿಜಾರಿನ ತಲೆಯಲ್ಲೇ. ಹೊರಡುವಾಗ ಗಾಡಿಯನ್ನು ಒದೆಯುತ್ತಿರಲಿಲ್ಲ. ಉರುಳಲು ಬಿಟ್ಟು, ಗೇರಿನಲ್ಲೇ ಶುರುಮಾಡಿಕೊಳ್ಳುತ್ತಿದ್ದ. ಬೆಳಿಗ್ಗೆ ನಮ್ಮ ಮನೆ ಮುಂದೆ ಇಂಜಿನ್ನು ಆರಿಸದಿದ್ದುದೂ ನೆನಪಾಯಿತು.

ಗೂಢಚಾರನಿಗೆ ಬೇಕಿದ್ದ ಸುದ್ದಿ ಸಿಕ್ಕಿತ್ತು. ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಕೌದಳ್ಳಿ ದಾಟಿ ಮಾರ್ಟಳ್ಳಿ ಸೇರಿದಾಗ ಚಹಾದಂಗಡಿ ಇದ್ದದ್ದು ಸಮತಟ್ಟಾದ ಜಾಗದಲ್ಲಿ. ಅವನು ಇಂಜಿನ್ನು ಹಾಗೇ ಬಿಟ್ಟು ಇಳಿದ. ಬೋಂಡಾ ಕರಿಯುತ್ತಿದ್ದ ತಮಿಳು ಮನೆಮಾತಿನ ಹೆಂಗಸು ಜಾಲರಿ ಸೌಟು ಹಿಡಿದೇ ಬಂದಳು. “ಅಣ್ಣಾ, ವಂಡಿ ಆಫ್ ಮಾಡುಂಗೋ! ಒಗೆಯೆಲ್ಲ ಬೋಂಡಾಕ್ಕೆ ಬತ್ತದೆ” ಎಂದು ತಾನೇ ಕೀಲಿ ತಿರುಗಿಸಿದಳು. ಗೆಳೆಯನ ಮುಖ ಸಣ್ಣದಾಯಿತು.

ಬೋಂಡಾ ತಿಂದೆವು, ಕಬ್ಬು ಸಿಗಿದೆವು, ನನ್ನ ಒಂದು ಹಲ್ಲು ಅಲುಗಾಡಿತು. ಹೊರಡುವಾಗ ಅವನು ಕಿಕ್ಕರಿನ ಮೇಲೆ ಕಾಲಿಟ್ಟ, ಒಮ್ಮೆ ತುಳಿದ. ತುಟಿ ಕಚ್ಚಿ ಇನ್ನೊಮ್ಮೆ ತುಳಿದ. ಗಾಡಿ ಕೆಮ್ಮಲೂ ಇಲ್ಲ. ತೆಲುಗಿನ ಬೈಗುಳವೂ ಬರಲಿಲ್ಲ. ಹಣೆಯ ಬೆವರು ಒರೆಸಿಕೊಂಡು, “ತಕ, ನೀನೇ ಓಡ್ಸು. ಆಸೆ ಬೀಳ್ತಿದ್ದೆಯಲ್ಲ” ಎಂದ.

ನಾನು ಯಾವತ್ತೂ ಆಸೆಪಟ್ಟಿರಲಿಲ್ಲ. ಆದರೂ ಒದ್ದೆ, ಹತ್ತಿದೆ, ಹೊರಟೆ.

ಮುಂದಿನ ತಿರುವಿನಾಚೆ ಟಾರು ರಸ್ತೆಗೆ ಅಡ್ಡಲಾಗಿ ಹುರುಳಿ ಗಿಡ ಹರಡಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ಅದರ ಮೇಲೆ ಎರಡು ಚಕ್ರದವರು ನಿಧಾನಕ್ಕೆ, ಬ್ರೇಕು ಮುಟ್ಟದೆ ಹೋಗಬೇಕೆನ್ನುವುದು ಮಕ್ಕಳಿಗೂ ಗೊತ್ತು. ನಾನು ಬ್ರೇಕು ಹಾಕಿದೆ. ಕಾಳು ಉರುಳಿತು, ಗಾಡಿ ಮಲಗಿತು. ನಾನು ಮುಂದಕ್ಕೆ ಬೋರಲು ಬಿದ್ದೆ, ಅವನು ಹೊಟ್ಟಿನ ಗುಡ್ಡೆಯ ಮೇಲೆ ಮದುಮಗನ ಹಾಗೆ ಅಂಗಾತ ಬಿದ್ದ.

ಕಣ ಕಾಯುತ್ತಿದ್ದ ಅಜ್ಜಿ ಓಡಿಬಂದು ನೀರು ಕೊಟ್ಟಳು. ನನ್ನ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, “ತುಳ್ದು ಓಗಿ ಅಂದ್ರೆ ಮಲೀಕಂಡ್ರಲ್ಲ ಸಾಮಿ! ಎಂಗೂ ಬಂದಿದ್ದೀರಿ, ಇನ್ನೊಂದ್ ಸುತ್ತು ತುಳ್ದುಬುಟ್ಟು ಓಗಿ” ಎಂದಳು.

“ಇಷ್ಟು ದಪ್ಪ ಹಾಕಿದ್ರೆ ಇನ್ನೇನಾಗ್ತದೆ?” ಎಂದು ನಾನು ರೇಗಿದೆ.

“ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ” ಎಂದ ಗೆಳೆಯ, ಹೊಟ್ಟಿನ ಮೇಲಿಂದ ಏಳದೆಯೇ. ಆಮೇಲೆ ದನಿ ಇಳಿಸಿ, “ನನ್ ಎಂಡ್ರಿಗೆ ಬಿದ್ದುದ್ದ ಏಳ್ಬ್ಯಾಡ ಕಣ್ಲಾ. ಗಾಡಿ ಓಯ್ತದೆ” ಎಂದ.

ಅಲ್ಲಿಂದ ಮುಂದೆ ನಾನು ಒದ್ದೆ, ಅವನು ಓಡಿಸಿದ. ಅಜ್ಜಿಗಾಗಿ ಒಂದು ಸುತ್ತು ತುಳಿದೇ ಹೊರಟೆವು. ಬೆಟ್ಟದ ತಿರುವುಗಳಲ್ಲಿ ಗಾಡಿ ಅವನ ಕೈಯಲ್ಲಿ ಮಗ್ಗದ ಲಾಳಿಯ ಹಾಗೆ ಹರಿಯಿತು. ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು.

ಕೊಳ್ಳೇಗಾಲದಲ್ಲಿ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತೆ ಗೆಳೆಯ ಅಂಗಿ ಕೊಡವಿಕೊಂಡ. ಹುರುಳಿ ಹೊಟ್ಟು ಅವಳ ಕಾಲ ಬಳಿಯೇ ಉದುರಿತು.

“ಬಿದ್ರಾ? ಯಾರು ಓಡುಸ್ತಿದ್ದೋರು?”

ಅವನ ಗಾಡಿ ಉಳಿಸುವ ಹುಮ್ಮಸ್ಸಿನಲ್ಲಿ ನಾನು ಎದೆಯುಬ್ಬಿಸಿ, “ನಾನು ಕಣವ್ವ! ಅವನದೇನೂ ತಪ್ಪಿಲ್ಲ. ನನ್ನ ಕೈಗೆ ಕೊಟ್ಟಿದ್ದ, ನಾನೇ ಕೆಡವಿದ್ದು” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಗಂಡನನ್ನೇ ನೋಡಿದಳು.

“ನನ್ ತಮ್ಮನ ಮದ್ವೇಗೂ ಕೊಡ್ಲಿಲ್ಲ ನೀವು. ಇವತ್ತು ಅಣ್ಣನ ಕೈಗೆ ಕೊಟ್ರಾ?” ಅವಳ ದನಿ ಒಡೆಯಿತು. “ಅಷ್ಟೊಂದು ನೋವಾ?”

ಅವನು ತಲೆ ಎತ್ತಲಿಲ್ಲ. ಉಳಿಸಲು ಹೋಗಿ ನಾನೇ ಹಿಡಿದುಕೊಟ್ಟಿದ್ದೆ.

ಕೊನೆಗೆ ನಾನೇ ವರದಿ ಒಪ್ಪಿಸಿದೆ. ಓಡಿಸುವುದರಲ್ಲಿ ಒಂದು ಕುಂದಿಲ್ಲ, ಒದೆಯಲು ಮಾತ್ರ ಆಗುವುದಿಲ್ಲ ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡನ ಕೈಯಿಂದ ಕೀಲಿ ತೆಗೆದುಕೊಂಡಳು. “ನಾಳೀಕೆ ಡಾಕ್ಟ್ರು ತಾವ್ಕೆ ಓಗನ. ಗಾಡಿ ಇರ್ಲಿ. ಆದ್ರೆ ಅಣ್ಣ ಬಂದು ಒದ್ದ ದಿನ ಮಾತ್ರ ಈಚೆಗೆ ಬರಾದು” ಎಂದಳು.

ಗೆಳೆಯ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ನಡೆದೇ ಬಂದ. ದಿನವಿಡೀ ನೆಟ್ಟಗೆ ನಡೆದಿದ್ದವನು ಈಗ ಮರೆಮಾಚದೆ ಕುಂಟುತ್ತಿದ್ದ. ಎಷ್ಟು ತಿಂಗಳಿಂದ ಹೀಗೆ ಎಂದು ಕೇಳಲು ಧೈರ್ಯ ಸಾಲಲಿಲ್ಲ.

“ಬರಾ ಬಾನ್ವಾರ ಒದಿಯಾಕೆ ಬತ್ತೀಯ ತಾನೇ?” ಎಂದ.

“ಬತ್ತೀನಿ. ಮೊದ್ಲು ನಿಂಗೊಂದು ಒದ್ದು, ಆಮ್ಯಾಲೆ ಗಾಡಿಗೆ.”

ಅವನು ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದ. ಸಲುಗೆಗೆ ಹಾಕಿದ್ದೆಂದುಕೊಂಡೆ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವನ ಅರ್ಧ ಭಾರ ನನ್ನ ಮೇಲಿತ್ತು.