ಮುಯ್ಯಾಳಾಗಿ ಹೋದವನು

ತಿಪಟೂರಿನಲ್ಲಿ ನಾವು ಬ್ಯಾಸ್ಕೆಟ್ ಬಾಲ್ ಆಡುತ್ತಿದ್ದೆವು ಎಂದರೆ ಈಗಿನವರು ನಂಬುವುದಿಲ್ಲ. ಕೊಬ್ಬರಿ ಊರಿನಲ್ಲಿ ಅದೆಂಥ ಬ್ಯಾಸ್ಕೆಟ್ ಬಾಲು ಎಂದು ನನ್ನ ಮಗಳೇ ನಗುತ್ತಾಳೆ. ನಗಲಿ. ತೊಂಬತ್ತರ ದಶಕದ ನಡುವಿನ ನಾಲ್ಕೈದು ವರ್ಷ ನನಗೆ ಬೇರೆ ಬದುಕೇ ಇರಲಿಲ್ಲ. ಒಂದು ಹೈಸ್ಕೂಲಿನ ಹಿಂದೆ ಸಿಮೆಂಟಿನ ಕೋರ್ಟಿತ್ತು. ಒಂದು ಕಡೆಯ ಹಲಗೆ ಎಡಕ್ಕೆ ವಾಲಿತ್ತು. ನೆಟ್ಟು ಹರಿದಾಗಲೆಲ್ಲ ತೆಂಗಿನ ನಾರಿನ ಹಗ್ಗದಲ್ಲಿ ನಾವೇ ಹೆಣೆದು ಕಟ್ಟುತ್ತಿದ್ದೆವು. ಅದರಲ್ಲಿ ಚೆಂಡು ಸಿಕ್ಕಿಹಾಕಿಕೊಂಡರೆ ಯಾರಾದರೂ ಹಾರಿ ಕೆಳಗಿನಿಂದ ಗುದ್ದಿ ಬಿಡಿಸಬೇಕಾಗಿತ್ತು. ಕೊಬ್ಬರಿ ಹರಾಜಿನ ದಿನ ಲಾರಿಗಳು ಶಾಲೆಯ ಗೇಟಿಗೆ ಅಡ್ಡ ನಿಲ್ಲುತ್ತಿದ್ದರಿಂದ ಅವತ್ತು ಆಟವಿಲ್ಲ.

ಆ ಟೀಮಿಗೆ ನಾನು ಕ್ಯಾಪ್ಟನ್. ಚೆನ್ನಾಗಿ ಆಡುತ್ತಿದ್ದೆ ಎಂದಲ್ಲ, ಚೆನ್ನಾಗಿ ಮಾತಾಡುತ್ತಿದ್ದೆ. ಕೊಬ್ಬರಿ ಮಂಡಿಯ ಸಾಹುಕಾರರ ಮುಂದೆ ನಿಂತು ಜರ್ಸಿ, ಚೆಂಡು ಕೇಳಿ ತರುವ ಬಾಯಿ ನನಗಿತ್ತು. ನಿಜವಾದ ಆಟಗಾರ ನನ್ನ ಗೆಳೆಯ. ಅವನು ದಂಡಿನಶಿವರದವನು. ಬೆಳಿಗ್ಗೆಯೆಲ್ಲ ಅಪ್ಪನ ಜೊತೆ ಕಾಯಿ ಸುಲಿದು, ಮಧ್ಯಾಹ್ನದ ಬಸ್ಸು ಹಿಡಿದು ಬರುತ್ತಿದ್ದ. ಎತ್ತರ ಐದಡಿ ಏಳಿಂಚು, ಅಷ್ಟೇ. ಸುಲಿದು ಸುಲಿದು ಮಣಿಕಟ್ಟು ಕಬ್ಬಿಣವಾಗಿತ್ತು. ಚೆಂಡು ಅವನ ಕೈಗೆ ಸಿಕ್ಕರೆ ಎದುರಿನವರು ಕಿತ್ತುಕೊಂಡದ್ದನ್ನು ನಾನು ಕಂಡಿಲ್ಲ. ಯಾರ ಕಡೆಗೂ ನೋಡದೆ ಪಾಸು ಕೊಡುತ್ತಿದ್ದ, ನಾವು ಓಡಿ ಬಂದು ನಿಲ್ಲುವ ಜಾಗಕ್ಕೆ ಚೆಂಡು ನಮಗಿಂತ ಮೊದಲೇ ಬಂದಿರುತ್ತಿತ್ತು. ನಾನು ಹಾಕಿದ ಬ್ಯಾಸ್ಕೆಟ್ಟುಗಳಲ್ಲಿ ಮುಕ್ಕಾಲು ಪಾಲು ಅವನವೇ.

ಅವನಿಗೆ ಇದ್ದದ್ದು ಒಂದೇ ಆಸೆ, ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಮೂವರು ಅಣ್ಣತಮ್ಮಂದಿರಿಗೆ ಅಪ್ಪನ ತೆಂಗಿನ ತೋಟ ಸಾಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಎರಡು ಸಲ ಅರ್ಜಿ ಹಾಕಿಯೂ ಆಯ್ಕೆಯಾಗಿರಲಿಲ್ಲ. ಆ ವರ್ಷ ಮೂರನೆಯ ಸಲ. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯದು. ಓಟದ ಪರೀಕ್ಷೆಗೆಂದು ದಿನಾ ಬೆಳಗಿನ ಜಾವ ಊರ ಕೆರೆ ಏರಿಯ ಮೇಲೆ ಓಡುತ್ತಿದ್ದ.

ನಮ್ಮೂರಲ್ಲೇ ವರ್ಷಕ್ಕೊಂದು ಟೂರ್ನಿ ನಡೆಯುತ್ತಿತ್ತು. ನಾವು ಮೊದಲನೇ ಪಂದ್ಯ ಗೆದ್ದು ಎರಡನೆಯದರಲ್ಲಿ ಸೋಲುವುದು ರೂಢಿಯಾಗಿಬಿಟ್ಟಿತ್ತು. ಕಾರಣ ಕುರುಡನಿಗೂ ಕಾಣುವಂತಿತ್ತು, ನಮ್ಮಲ್ಲಿ ಎತ್ತರದವರೇ ಇರಲಿಲ್ಲ. ಹಲಗೆಗೆ ಬಡಿದು ವಾಪಸು ಬಂದ ಚೆಂಡೆಲ್ಲ ಎದುರಿನವರ ಕೈಗೆ ಹೋಗುತ್ತಿತ್ತು. ಸಾಹುಕಾರರು ಮಂಡಿಯಲ್ಲಿ ಕೂತು ನನ್ನನ್ನು ಚುಡಾಯಿಸುತ್ತಿದ್ದರು.

“ಏನಪ್ಪಾ ಕ್ಯಾಪ್ಟನ್ನು, ಈ ಸಲಾನೂ ಜರ್ಸಿ ಬೆವರು ಹಿಡಿಯೋಕ್ ಮುಂಚೆನೇ ಮನೇಗ್ ಬಂದ್‌ಬುಟ್ರಂತೆ? ಎಲ್ಲಿಂದಾದ್ರೂ ಉದ್ದ ಇರೋರ್ನ ಕರ್ಕಂಡ್ ಬನ್ರಪ್ಪಾ.”

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಬೆಂಗಳೂರಿನ ಒಂದು ಕಂಪನಿ ತನ್ನ ಟೀಮನ್ನು ಮುಚ್ಚಿದ್ದು, ಅದರಲ್ಲಿ ಆಡುತ್ತಿದ್ದ ಇಬ್ಬರು ಹಾಸನದ ಕಡೆಯ ತಮ್ಮ ಊರಿಗೆ ವಾಪಸು ಬಂದು ಕೂತಿರುವುದು ಪೇಪರಿನಲ್ಲಿ ಬಂದಿತ್ತು. ಒಬ್ಬ ಆರಡಿ ಮೂರಿಂಚು. ಇನ್ನೊಬ್ಬ ಎಲ್ಲಿಂದ ಎಸೆದರೂ ಬೀಳಿಸುವವನು, ಚೆಂಡನ್ನೂ ಕೋರ್ಟಿನ ಈ ತುದಿಯಿಂದ ಆ ತುದಿಗೆ ತಾನೇ ತರಬಲ್ಲವನು. ಯಾವ ಟೀಮಿಗೂ ಸೇರಿಲ್ಲ, ಯಾರು ಬೇಕಾದರೂ ಕರೆಯಬಹುದು. ನಾನು ಮಾರನೆಯ ದಿನವೇ ಬಸ್ಸು ಹತ್ತಿದೆ.

ಅವರಿಬ್ಬರೂ ಆಡಿ ಬೆಳೆದ ಆ ಊರಿನ ಕ್ಲಬ್ಬು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ರೈತರು. ನಾನು ದುಡ್ಡಿನ ಮಾತೆತ್ತಿದಾಗ ಕೈ ಅಡ್ಡ ಮಾಡಿದರು.

“ಅದೆಲ್ಲ ಬ್ಯಾಡಿ. ಮುಯ್ಯಿ ಅಂತ ಇಟ್ಕಳಣ. ನಿಮ್ ಪಂದ್ಯಕ್ಕೆ ನಮ್ಮೋರಿಬ್ರು ಬತ್ತಾರೆ, ಮುಂದಿನ ತಿಂಗಳು ನಮ್ ಪಂದ್ಯಕ್ಕೆ ನಿಮ್ಮೋರೊಬ್ರು ಬರ್ಬೇಕು. ಬ್ಯಾರೆ ಯಾರೂ ಬ್ಯಾಡ, ನೀವೇ ಬನ್ನಿ, ಕ್ಯಾಪ್ಟನ್ರು.”

ನಮ್ಮ ಕಡೆಯ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯವರು ಬಂದರೆ, ನಾಳೆ ನಮ್ಮ ರಾಗಿ ಕುಯ್ಲಿಗೆ ನಿಮ್ಮ ಮನೆಯವರು ಬರಬೇಕು. ಹಾಗೆ ಹೋಗುವವನೇ ಮುಯ್ಯಾಳು. ಕಾಗದವಿಲ್ಲ, ಸಾಕ್ಷಿಯಿಲ್ಲ, ತಪ್ಪಿಸಿದವನ ಮನೆ ಕೆಲಸಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ. ನಾನು ಅವರ ಕೈ ಹಿಡಿದು ಆಗಲಿ ಎಂದೆ. ಬಸ್ಸಿನಲ್ಲಿ ಬರುವಾಗ ಟೂರ್ನಿಯ ಕಪ್ಪು ಆಗಲೇ ನನ್ನ ತೊಡೆಯ ಮೇಲಿದ್ದಂತೆ ಬೀಗುತ್ತಿದ್ದೆ.

ಇಬ್ಬರೂ ಹದಿನೈದು ದಿನ ಮೊದಲೇ ಬಂದರು. ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಅಮ್ಮ ಒಂದು ದಿನ ಒಬ್ಬಟ್ಟು, ಒಂದು ದಿನ ಕಾಯಿಹಾಲು ಶ್ಯಾವಿಗೆ ಮಾಡಿ ಬಡಿಸಿದಳು. ಉದ್ದನೆಯವನ ಕಾಲು ಮಂಚದಿಂದಾಚೆ ಚಾಚುತ್ತಿತ್ತು, ಅದಕ್ಕೊಂದು ಸ್ಟೂಲು ಇಟ್ಟೆವು. ಸಂಭಾವಿತರು. ಅಮ್ಮ ಇಕ್ಕಿದ್ದನ್ನು ತಿಂದು ತಟ್ಟೆ ತಾವೇ ತೊಳೆಯುತ್ತಿದ್ದರು. ನಮ್ಮ ಮನೆಯ ಅನ್ನ ತಿಂದವರು ಇನ್ನು ನಮ್ಮವರೇ ಎಂದು ನಾನು ಗಟ್ಟಿಯಾಗಿ ನಂಬಿಬಿಟ್ಟೆ. ಅದಕ್ಕಿಂತ ದೊಡ್ಡ ಪೆದ್ದತನ ನಾನು ಬದುಕಿನಲ್ಲಿ ಮಾಡಿಲ್ಲ ಎಂದು ಹೇಳಬಹುದಿತ್ತು, ಆದರೆ ಅದಕ್ಕಿಂತ ದೊಡ್ಡದನ್ನೂ ಅದೇ ತಿಂಗಳಲ್ಲಿ ಮಾಡಿದೆ.

ಇಬ್ಬರು ಹೊಸಬರು ಬಂದರೆ ಟೀಮಿನಲ್ಲಿ ಎರಡೇ ಜಾಗ ಬದಲಾಗುತ್ತವೆ ಎಂದುಕೊಂಡಿದ್ದೆ. ಎಲ್ಲವೂ ಬದಲಾಯಿತು. ಚೆಂಡು ಸಿಕ್ಕವರೆಲ್ಲ ಅವರಿಬ್ಬರನ್ನೇ ಹುಡುಕತೊಡಗಿದರು. ನಾವು ಹೇಗೆ ಆಡುತ್ತಿದ್ದೆವು ಎನ್ನುವುದು ನಮಗೇ ಮರೆತುಹೋಯಿತು. ಐದು ಜನರಲ್ಲಿ ಇಬ್ಬರನ್ನು ಹೊರಗೆ ಕೂರಿಸಬೇಕಾಗಿತ್ತು. ಒಬ್ಬನನ್ನು ಕೂರಿಸುವುದು ಸುಲಭವಾಗಿತ್ತು, ಅವನೇ ಕೂರುತ್ತೇನೆ ಎಂದ. ಇನ್ನೊಬ್ಬ ನಾನಾಗಬೇಕಿತ್ತು. ಕ್ಯಾಪ್ಟನ್ ಹೊರಗೆ ಕೂತರೆ ಚೆನ್ನಾಗಿರುತ್ತದೆಯೇ ಎಂದು ನನಗೆ ನಾನೇ ಕೇಳಿಕೊಂಡು, ಚೆನ್ನಾಗಿರುವುದಿಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡು, ದಂಡಿನಶಿವರದ ಗೆಳೆಯನನ್ನು ಕೂರಿಸಿದೆ. ಚೆಂಡು ತರುವುದಕ್ಕೆ ಹೊಸಬ ಇದ್ದಾನಲ್ಲ ಎಂದು ಕಾರಣ ಕೊಟ್ಟೆ.

“ಆಗ್ಲಿ ಬುಡು ಕಣ್ಲಾ,” ಎಂದ. “ಟೀಮು ಗೆದ್ರೆ ಸಾಕು.”

ಟೀಮು ಗೆದ್ದಿತು. ನಾವು ಯಾವತ್ತೂ ದಾಟದ ಎರಡನೇ ಪಂದ್ಯವನ್ನು ನೀರು ಕುಡಿದಷ್ಟು ಸುಲಭವಾಗಿ ದಾಟಿದೆವು. ಫೈನಲ್ಲಿನ ದಿನ ಶಾಲೆಯ ಕಾಂಪೌಂಡಿನ ಮೇಲೆಲ್ಲ ಜನ. ಉದ್ದನೆಯವನು ಕೈಯೆತ್ತಿದರೆ ಸಾಕು, ಚೆಂಡು ತಾನೇ ಬಂದು ಕೂರುತ್ತಿತ್ತು. ಗೆಳೆಯ ಬೆಂಚಿನ ತುದಿಯಲ್ಲಿ ನಮ್ಮೆಲ್ಲರ ಟವೆಲ್ಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೊನೆಯ ಐದು ನಿಮಿಷ ನಾವು ಬಹಳ ಮುಂದಿದ್ದೆವು, ಆಗಲಾದರೂ ಅವನನ್ನು ಇಳಿಸಬಹುದಿತ್ತು. ಇಳಿಸಲಿಲ್ಲ. ಜನ ನನ್ನನ್ನು ನೋಡುತ್ತಿದ್ದರು, ನನಗೆ ಹೊರಗೆ ಹೋಗಲು ಮನಸ್ಸು ಬರಲಿಲ್ಲ. ಆ ಐದು ನಿಮಿಷವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅವರಿಬ್ಬರನ್ನು ಬಸ್ಸು ಹತ್ತಿಸುವಾಗ ಒಬ್ಬೊಬ್ಬರಿಗೂ ಒಂದೊಂದು ಚೀಲ ಕಾಯಿ ಕೊಟ್ಟು ಕಳಿಸಿದೆವು. ಮುಂದಿನ ವರ್ಷ ಬನ್ನಿ ಎಂದೆವು. ನಕ್ಕು ತಲೆ ಅಲ್ಲಾಡಿಸಿದರು.

ಮೂರು ವಾರದ ಮೇಲೆ ಆ ಹಿರಿಯರಿಂದ ಪತ್ರ ಬಂತು. ಇಂಥ ಭಾನುವಾರ ನಮ್ಮ ಪಂದ್ಯ, ಶನಿವಾರವೇ ಬಂದುಬಿಡಿ ಎಂದು. ಅದೇ ಭಾನುವಾರ ಮಂಡಿಯವರು ನಮ್ಮ ಟೀಮಿಗೆ ಸನ್ಮಾನ ಇಟ್ಟಿದ್ದರು. ಶಾಲು, ಹಾರ, ಜೀಪಿನ ಮೇಲೆ ಕಪ್ಪು ಇಟ್ಟುಕೊಂಡು ಪೇಟೆಯಲ್ಲಿ ಮೆರವಣಿಗೆ. ಕ್ಯಾಪ್ಟನ್ನಿಗೆ ಮಾತಾಡಲು ಹೇಳಿದ್ದರು. ನಾನು ಭಾಷಣವನ್ನು ಬರೆದು ಎರಡು ಸಲ ತಿದ್ದಿಯೂ ಆಗಿತ್ತು. ಮುಯ್ಯಿ ತಪ್ಪಿಸುವ ಹಾಗಿಲ್ಲ. ಸನ್ಮಾನ ಬಿಡಲು ನನಗಿಷ್ಟವಿಲ್ಲ. ಗೆಳೆಯ ಸಂಜೆ ಕೋರ್ಟಿಗೆ ಬಂದಾಗ ಪಕ್ಕಕ್ಕೆ ಕರೆದು ಹೇಳಿದೆ.

“ನಿನ್ನ ಕಳುಸ್ಬೇಕು ಅಂತ ಕೇಳವ್ರೆ ಕಣ್ಲಾ.”

ಅವನು ಶೂ ದಾರ ಕಟ್ಟುತ್ತಿದ್ದವನು ತಲೆಯೆತ್ತಿದ. “ನನ್ನಾ?”

“ಹೂಂ. ಚೆಂಡು ತರೋನು ಬೇಕಂತೆ.”

“ಅದಾದ್ ಎಂಟ್ ದಿನಕ್ಕೆ ನಂದು ಓಟ ಐತಲ್ಲಾ. ಕಾಲಿಗೇನಾರ ಆದ್ರೆ?”

“ಏನಾಯ್ತದೆ? ಇಷ್ಟು ವರ್ಷದಿಂದ ಆಡ್ತಿದೀಯ, ಏನಾಗೈತೆ? ಮಾತು ಕೊಟ್‌ಬುಟ್ಟಿದೀನಿ. ಹೋಗ್ದೆ ಇದ್ರೆ ಊರ್ ಮರ್ಯಾದೆ ಹೋಯ್ತದೆ.”

ಅವನು ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ಶೂವಿನ ದಾರ ಬಿಗಿದು, “ಹೋಗ್‌ಬತ್ತೀನಿ ಬುಡು,” ಎಂದ.

ಭಾನುವಾರ ನಾನು ಜೀಪಿನ ಮೇಲೆ ನಿಂತು ಪೇಟೆ ಬೀದಿಯಲ್ಲಿ ಕೈ ಬೀಸಿದೆ. ಭಾಷಣದಲ್ಲಿ ಗೆಳೆಯನ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಸೇರಿಸಿದ್ದೆ, ಟೀಮಿಗಾಗಿ ತ್ಯಾಗ ಮಾಡಿದವನು ಎಂದು. ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಹಾಸನದ ಕಡೆಯ ಆ ಊರಿನಲ್ಲಿ ಅವನು ಯಾರದೋ ಜರ್ಸಿ ತೊಟ್ಟು, ಇಬ್ಬರ ನಡುವೆ ನುಗ್ಗಿ ತಿರುಗಿದಾಗ ಸಿಮೆಂಟಿನ ಮೇಲಿದ್ದ ಮರಳಿಗೆ ಕಾಲು ಜಾರಿತು. ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗಿತಂತೆ. ಮಾರನೆಯ ದಿನ ಉದ್ದನೆಯವನೇ ಅವನನ್ನು ಕಾರಿನಲ್ಲಿ ಕರೆತಂದು ದಂಡಿನಶಿವರಕ್ಕೆ ಬಿಟ್ಟು ಹೋದ.

ನಾನು ನೋಡಲು ಹೋದಾಗ ಮಂಡಿ ಸಣ್ಣ ಕುಂಬಳಕಾಯಿಯಷ್ಟು ಊದಿತ್ತು. ನಾಟಿ ವೈದ್ಯರು ಸೊಪ್ಪಿನ ಪಟ್ಟು ಕಟ್ಟಿದ್ದರು. ಅವನ ತಾಯಿ ನನಗೆ ಕಾಫಿ ಕೊಟ್ಟು, “ಎಂಟ್ ದಿನುಕ್ಕೆ ವಾಸಿಯಾಯ್ತದೇನಪ್ಪಾ?” ಎಂದು ನನ್ನನ್ನೇ ಕೇಳಿದರು. ಆಗುತ್ತದೆ ಅಮ್ಮಾ ಎಂದೆ. ನನಗೇನು ಗೊತ್ತಿತ್ತು? ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು.

ಓಟದ ದಿನ ಅವನು ಪಟ್ಟು ಬಿಚ್ಚಿಕೊಂಡು ತುಮಕೂರಿಗೆ ಹೋದ. ನಾನೂ ಜೊತೆಗೆ ಹೋದೆ. ಅರ್ಧ ಸುತ್ತು ಓಡಿದ. ಆಮೇಲೆ ಓಡಿದ್ದಲ್ಲ, ಒಂದು ಕಾಲನ್ನು ಎಳೆದುಕೊಂಡು ಬಂದ. ಮಿಕ್ಕವರೆಲ್ಲ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗಲೂ ಅವನು ಟ್ರ್ಯಾಕಿನ ಮೇಲಿದ್ದ. ಅಲ್ಲಿದ್ದ ಅಧಿಕಾರಿಯೊಬ್ಬರು ಒಳ್ಳೆಯ ಮಾತಿನಲ್ಲೇ, “ಸಾಕು ಬಾರಪ್ಪ,” ಎಂದು ತೋಳು ಹಿಡಿದು ಹೊರಗೆ ಕರೆತಂದರು. ಬಸ್ಸಿನಲ್ಲಿ ವಾಪಸು ಬಂದೆವು. ಅವನು ಇಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ಮುಂದಿನ ವರ್ಷ ಆ ಇಬ್ಬರು ನಮ್ಮೂರಿಗೆ ಬಂದರು, ಬೇರೆ ಟೀಮಿನ ಜರ್ಸಿ ತೊಟ್ಟುಕೊಂಡು. ಯಾರೋ ಕೆಲಸ ಕೊಡಿಸುತ್ತೇವೆಂದು ಕರೆದಿದ್ದರಂತೆ. ಅವರ ತಪ್ಪೇನೂ ಇಲ್ಲ, ಒಬ್ಬಟ್ಟು ತಿಂದದ್ದಕ್ಕೆ ಯಾರೂ ಬದುಕು ಬರೆದುಕೊಡುವುದಿಲ್ಲ. ನಮ್ಮನ್ನು ಮೊದಲನೇ ಪಂದ್ಯದಲ್ಲೇ ಬಡಿದು ಹಾಕಿ, ಸಂಜೆ ಮನೆಗೆ ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೋದರು. ಅವರನ್ನು ತಡೆಯುವವರು, ಚೆಂಡು ತರುವವರು ನಮ್ಮಲ್ಲಿ ಯಾರೂ ಉಳಿದಿರಲಿಲ್ಲ. ಹಿಂದಿನ ವರ್ಷ ಹೊರಗೆ ಕೂತ ಇನ್ನೊಬ್ಬನೂ ಕೋರ್ಟಿಗೆ ಬರುವುದನ್ನು ಬಿಟ್ಟಿದ್ದ. ಇನ್ನೆರಡು ವರ್ಷಕ್ಕೆ ಟೀಮು ಸತ್ತಿತು. ಸಾಹುಕಾರರು ಜರ್ಸಿ ಕೊಡುವುದನ್ನು ನಿಲ್ಲಿಸಿದರು, ನಾನೂ ಕೇಳುವುದನ್ನು ನಿಲ್ಲಿಸಿದೆ.

ಆಮೇಲೆ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು, ಮದುವೆಯಾಯಿತು. ಗೆಳೆಯನಿಗೆ ಸುಳ್ಳು ಹೇಳಿದ್ದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಎಷ್ಟೋ ಸಲ ಹೇಳಿಬಿಡಬೇಕೆಂದು ಹೊರಟು ತುರುವೇಕೆರೆಯವರೆಗೆ ಹೋಗಿ ವಾಪಸು ಬಂದಿದ್ದೇನೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು, ನನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ದಂಡಿನಶಿವರಕ್ಕೆ ಹೋದೆ. ಅವನು ಹಜಾರದಲ್ಲಿ ಒಂದು ಕಾಲು ಚಾಚಿ ಕೂತು, ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ನೋಡುತ್ತಿದ್ದ. ನಿಂತು ಸುಲಿಯುವ ಕೆಲಸ ಅವನಿಂದ ಆಗುತ್ತಿರಲಿಲ್ಲ, ಅಣ್ಣಂದಿರು ಸುಲಿಯುತ್ತಿದ್ದರು.

ಕಾರ್ಡು ಕೊಡುವ ಮೊದಲೇ ಹೇಳಿಬಿಟ್ಟೆ. ಅವರು ಕೇಳಿದ್ದು ನಿನ್ನನ್ನಲ್ಲ, ನನ್ನನ್ನು, ಸನ್ಮಾನದ ಆಸೆಗೆ ನಿನ್ನನ್ನು ಕಳಿಸಿದೆ ಎಂದು.

ಅವನು ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸಿ ಒಣಗಿದವುಗಳ ಗುಡ್ಡೆಗೆ ಹಾಕಿದ.

“ಗೊತ್ತಿತ್ತು ಕಣ್ಲಾ. ಅವಾಗ್ಲೇ ಗೊತ್ತಿತ್ತು. ಆ ಉದ್ದನೋನು ನಿಮ್ಮನೇಲಿದ್ದಾಗ್ಲೇ ಹೇಳಿದ್ದ, ನಮ್ ಪಂದ್ಯಕ್ಕೆ ನಿಮ್ ಕ್ಯಾಪ್ಟನ್ರು ಬತ್ತಾರೆ ಅಂತ.”

“ಮತ್ಯಾಕ್ಲಾ ಹೋದೆ? ಓಟ ಇತ್ತಲ್ಲೋ ನಿಂಗೆ.”

ಅವನು ಇನ್ನೊಂದು ಕಾಯಿ ತೆಗೆದುಕೊಂಡ. ಅಲ್ಲಾಡಿಸಲಿಲ್ಲ.

“ಅಲ್ಲಾದ್ರೂ ಆಡುಸ್ತಾರೆ ಅಂತ ಹೋದೆ,” ಎಂದ. “ನೀನು ಆಡುಸ್ಲಿಲ್ವಲ್ಲ.”