ಅಜ್ಜಿಯ ದೋಣಿತೋಟ

ಅಮೆಜಾನ್ ದಡದ ಜೆಸುಯಿನಾ ಅಜ್ಜಿಗೆ ನೆಲದ ಮೇಲೆ ನಂಬಿಕೆಯಿಲ್ಲ. ನೆರೆ ಎಟುಕದಷ್ಟು ಎತ್ತರದ ಕಂಬಗಳ ಮೇಲೆ ಹಳೆ ದೋಣಿಗಳನ್ನಿರಿಸಿ, ನೀರು ಬಸಿಯಲು ತಳಕ್ಕೆ ತೂತು ಕೊರೆಸಿ, ಸಗಣಿಗೊಬ್ಬರ ಬೆರೆಸಿದ ಮಣ್ಣು ತುಂಬಿಸಿ, ಕೊಯ್ದಷ್ಟೂ ವರ್ಷಗಟ್ಟಲೆ ಚಿಗುರುವ ಈರುಳ್ಳಿಸೊಪ್ಪು ನೆಡುತ್ತಾಳೆ. ಎಲ್ಲವೂ, ಒಡೆಯರು ನದಿಯಲ್ಲಿ ಮುಳುಗಿ ಸತ್ತ ಮೇಲೆ ಬರಿದಾಗಿ ದಡಕ್ಕೆ ಮರಳಿದ ದೋಣಿಗಳು. "ತೂತು ಬಿದ್ರೆ ನದೀನ ಮರೀತವೆ," ಎನ್ನುತ್ತಾಳೆ. ಮಣ್ಣು ಹೊರುವ ಕೂಲಿಯಾಳು ಎಡಿವಾನನಿಗೆ, "ಬುಟ್ಟಿಗಿಂತ ನಿನ್ನ ನಿಟ್ಟುಸಿರೇ ಭಾರ ಮಾರಾಯ," ಎಂದು ಚುಚ್ಚುತ್ತಾಳೆ. ತನ್ನ ತೋಳು ಊಟದ ತಟ್ಟೆ ಎತ್ತಲಷ್ಟೇ ಲಾಯಕ್ಕೆಂದು ಅವನೂ ಒಪ್ಪುತ್ತಾನೆ. ಕೊನೆಯ ದೋಣಿ, ಹೆಣವೂ ಸಿಗದ ಅವಳ ಗಂಡನದು. ನಿನ್ನೆ ಎಡಿವಾನ್ ತೂತು ಕೊರೆಯಲು ಅದಕ್ಕೂ ಬೈರಿಗೆ ಇಡಹೋದ. ನದಿ ಇಳಿದು ತಿಂಗಳಾಗಿತ್ತು, ಮಳೆಯೂ ಇರಲಿಲ್ಲ. ಆದರೂ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜಿ ಮೆಲ್ಲಗೆ ಅವನ ಕೈ ಹಿಡಿದಳು. "ಇದೊಂದು ಬೇಡ ಮಗಾ. ಇನ್ನೂ ಅವರನ್ನ ಹುಡುಕ್ತಾ ಇದೆ."