ಕೆಂಪು ಬಾವುಟ ಕೊಡಿಸಿದ ಕಕ್ಕಸು

ನನಗೆ ಅಮೆರಿಕದ ಪೌರತ್ವ ಬೇಕಾಗಿದ್ದು ಅಮೆರಿಕದ ಮೇಲಿನ ಪ್ರೀತಿಯಿಂದಲ್ಲ. ದಾವಣಗೆರೆಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಎರಡೂ ಮಂಡಿಗೆ ಆಪರೇಷನ್ ಆಗಬೇಕಿತ್ತು. ನಾನು ಹೋಗಿ ಏಳೆಂಟು ತಿಂಗಳಾದರೂ ಜೊತೆಗಿರಬೇಕು ಅಂತ ನಮ್ಮಿಬ್ಬರಲ್ಲಿ ಮಾತಾಗಿತ್ತು. ಆದರೆ ಗ್ರೀನ್ ಕಾರ್ಡಿನವರು ಅಷ್ಟು ದಿನ ಹೊರಗಿದ್ದು ಬಂದರೆ ಏರ್‌ಪೋರ್ಟಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಿಂದಿನ ಸಲ ಡಾಲಸ್‌ನಲ್ಲಿ ಇಳಿದಾಗ ಮೀಸೆ ಚಿಗುರದ ಅಧಿಕಾರಿಯೊಬ್ಬ, ನೀವು ಇಲ್ಲಿ ವಾಸ ಮಾಡುವವರೋ ಅಥವಾ ನೆಂಟರ ಹಾಗೆ ಬಂದು ಹೋಗುವವರೋ ಅಂತ ಕೇಳಿದ್ದ. ಮಗಳ ಮನೆಯಲ್ಲಿ ಹದಿನೈದು ವರ್ಷಕ್ಕೂ ಮೇಲೆ ಪಾತ್ರೆ ತೊಳೆದವಳನ್ನು ನೆಂಟರು ಅಂದರೆ ಮೈ ಉರಿಯದೆ ಇರುತ್ತದೆಯೇ? ಸಿಟಿಜನ್ ಆಗಿಬಿಟ್ಟರೆ ಯಾರೂ ಕೇಳುವ ಹಾಗಿಲ್ಲ. ಇಲ್ಲಿಂದ ಬೇಕಾದಾಗ ಹೋಗಬೇಕಾದರೆ ಮೊದಲು ಇಲ್ಲಿಯವಳಾಗಬೇಕು. ಕಾನೂನು ಹಾಗಿದೆ, ನಾನು ಮಾಡಿದ್ದಲ್ಲ.

ನಮ್ಮ ಮನೆ ಇರುವುದು ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ. ಮಗಳು, ಅಳಿಯ ಇಬ್ಬರೂ ಕಂಪ್ಯೂಟರ್ ಕೆಲಸದವರು. ಅರ್ಜಿ ತುಂಬಿದ್ದೆಲ್ಲ ಅಳಿಯಂದಿರೇ. ವಯಸ್ಸಾದವರಿಗೆ ಯಾಕೆ ತೊಂದರೆ ಅಂತ ನನ್ನನ್ನು ಒಂದು ಮಾತೂ ಕೇಳದೆ ಎಲ್ಲ ಮುಗಿಸಿ, ಕೊನೆಗೆ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿಸಿಕೊಂಡರು. ನಮ್ಮವರಲ್ಲಿ ಹಿರಿಯರಿಗೆ ಮರ್ಯಾದೆ ಕೊಡುವುದು ಹೀಗೆಯೇ. ಏನೂ ಕೇಳುವುದಿಲ್ಲ.

ಇಷ್ಟು ವರ್ಷ ಇಲ್ಲಿದ್ದ ನನ್ನ ವಯಸ್ಸಿನವರು ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಆದರೂ ಈ ದೇಶದ ಪ್ರಶ್ನೆಗಳಿಗೆ ಉತ್ತರ ಕಲಿಯಲೇಬೇಕು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿ ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಹಾಡಿದರೆ ಮರೆಯುವುದಿಲ್ಲ. ಮಗಳ ಹತ್ತಿರ ಕನ್ನಡದಲ್ಲಿ ಹೇಳಿಸಿಕೊಂಡು, ಅಷ್ಟನ್ನೂ ನಮ್ಮಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಪದದ ಧಾಟಿಗೆ ಕೂರಿಸಿ, ಚಪಾತಿ ಲಟ್ಟಿಸುತ್ತಾ ಹಾಡಿಕೊಂಡೆ. ಪ್ರೆಸಿಡೆಂಟ್ ಇಲ್ಲದಿದ್ದರೆ ವೈಸ್ ಪ್ರೆಸಿಡೆಂಟ್, ದನಿ ಎತ್ತಿ. ಸೆನೆಟರಿಗೆ ಆರು ವರ್ಷ, ದನಿ ಇಳಿಸಿ. ಒಂದೇ ತೊಂದರೆ. ನಡುವಿನಿಂದ ಕೇಳಿದರೆ ಮೊದಲಿಂದ ಹಾಡಿಕೊಂಡು ಬರಬೇಕು.

ಅದರಲ್ಲಿ ಒಂದು ಪ್ರಶ್ನೆ ಶೀತಲ ಸಮರದ್ದು. ಆ ಕಾಲದಲ್ಲಿ ಅಮೆರಿಕದ ಮುಖ್ಯ ಚಿಂತೆ ಏನಾಗಿತ್ತು? ಉತ್ತರ, ಕಮ್ಯುನಿಸಂ. ಹೈಸ್ಕೂಲಿನ ಮೊಮ್ಮಗಳು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ವಿವರಿಸಿದಳು. ಅಮೆರಿಕ, ರಷ್ಯಾ ಎರಡೂ ನಲವತ್ತೈವತ್ತು ವರ್ಷ ಗುರುಗುಟ್ಟಿದವಂತೆ, ಎದುರಾಬದುರು ಹೊಡೆದಾಡಲಿಲ್ಲವಂತೆ. ಇದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ ಬೇಕಿತ್ತೋ. ನಾನು ಮದುವೆಯಾಗಿ ಹೋದ ಮನೆಯಲ್ಲಿ ಇಬ್ಬರು ಓರಗಿತ್ತಿಯರು ಒಂದೇ ಸೂರಿನಡಿ ಒಲೆ ಬೇರೆ ಮಾಡಿಕೊಂಡು ಸಾಯುವವರೆಗೂ ಪಾತ್ರೆ ಕುಕ್ಕಿದರು. ಒಬ್ಬಳು ಪಕ್ಕದ ಮನೆಗೆ ಹೋಳಿಗೆ ಕಳಿಸಿದರೆ ಇನ್ನೊಬ್ಬಳು ಕಡುಬು ಕಳಿಸುವಳು. ಪಕ್ಕದ ಮನೆಯವರು ಎರಡನ್ನೂ ತಿಂದು ದಪ್ಪಗಾದರು.

ಅಮೆರಿಕ, ರಷ್ಯಾದ ಜಗಳದಲ್ಲಿ ನಮ್ಮ ದೇಶದವರು ಆ ಪಕ್ಕದ ಮನೆಯವರು. ನಾನು ನಾಲ್ಕನೇ ಕ್ಲಾಸಿನವರೆಗಾದರೂ ಶಾಲೆಗೆ ಹೋದದ್ದು ಅಮೆರಿಕದಿಂದ ಬಂದ ರವೆಯ ಉಪ್ಪಿಟ್ಟಿಗೆ, ಹಾಲಿನ ಪುಡಿಯ ಹಾಲಿಗೆ. ಹುಳ ಇದ್ದರೆ ತೆಗೆದು ತಿನ್ನುತ್ತಿದ್ದೆವು. ನನ್ನ ಮಗಳ ಶಾಲೆಯ ಪುಸ್ತಕಕ್ಕೆ ಹಾಕಿದ ರಟ್ಟು ರಷ್ಯಾದಿಂದ ಬರುತ್ತಿದ್ದ ಬಣ್ಣದ ಪತ್ರಿಕೆಯ ಹಾಳೆ. ಅಂಥ ನುಣುಪು ಕಾಗದ ಊರಲ್ಲೇ ಸಿಗುತ್ತಿರಲಿಲ್ಲ. ಗೋಧಿ ಹೊಲದಲ್ಲಿ ನಗುವ ದಪ್ಪ ಹೆಂಗಸರ ಚಿತ್ರ ಹೊದ್ದುಕೊಂಡು ನಮ್ಮ ಮಕ್ಕಳ ಗಣಿತದ ಪುಸ್ತಕ ವರ್ಷ ಪೂರ್ತಿ ಬಾಳುತ್ತಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ ಹ್ಯೂಸ್ಟನ್‌ಗೆ ಕರೆದುಕೊಂಡು ಹೋಗಿ ಮಲಗಿಸಿಟ್ಟ ದೊಡ್ಡ ರಾಕೆಟ್ ತೋರಿಸಿದರು. ರಷ್ಯಾದವರಿಗಿಂತ ಮೊದಲು ಚಂದ್ರನಿಗೆ ಹೋಗಲು ಮಾಡಿದ್ದಂತೆ. ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚಿಗೆ ಅಷ್ಟು ದೂರ ಹೋದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಲ್ಲಿಯವರು ಅನುಭವಿಸಿದ್ದು ಬೇರೆ ಥರ. ನಮ್ಮ ಪಕ್ಕದ ಮನೆಯ ಬಿಳಿಯ ಅಜ್ಜಿ ನನಗಿಂತ ಸ್ವಲ್ಪ ದೊಡ್ಡವಳು. ಅವಳ ಹಿತ್ತಲಲ್ಲಿ ಅವಳಪ್ಪ ಕಟ್ಟಿಸಿದ ಸಿಮೆಂಟಿನ ನೆಲಮಾಳಿಗೆ ಇದೆ. ರಷ್ಯಾದ ಬಾಂಬು ಬಿದ್ದರೆ ಬಚ್ಚಿಟ್ಟುಕೊಳ್ಳಲು. ಈಗ ಅದರಲ್ಲಿ ಕ್ರಿಸ್‌ಮಸ್ ದೀಪದ ಸರ ಇಡುತ್ತಾಳೆ. ಶಾಲೆಯಲ್ಲಿ ಸೈರನ್ ಕೂಗಿದರೆ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕತ್ತಿನ ಮೇಲೆ ಕೈ ಇಟ್ಟುಕೊಳ್ಳಬೇಕಿತ್ತಂತೆ. ಅವಳಪ್ಪ ಮೇಷ್ಟ್ರು. ನಾನು ಕಮ್ಯುನಿಸ್ಟ್ ಅಲ್ಲ ಅಂತ ಸಹಿ ಹಾಕಿದ ಮೇಲೇ ಸಂಬಳ. ಎದುರು ಮನೆಯ ಮೇಷ್ಟ್ರು ಸಹಿ ಹಾಕುವುದಿಲ್ಲ ಅಂದದ್ದಕ್ಕೆ ಅವರ ಕೆಲಸ ಹೋಯಿತು. ಆ ಮನೆಯ ಮಕ್ಕಳ ಜೊತೆ ಆಡಬೇಡ ಅಂತ ಇವಳಿಗೆ ಹೇಳಿದರಂತೆ. ಬಾಂಬು ಒಂದೂ ಬೀಳಲಿಲ್ಲ, ಆದರೆ ಎದುರು ಮನೆಯೊಂದಿಗೆ ಮಾತು ನಿಂತುಹೋಯಿತು. ಈಗ ಟಿವಿಯಲ್ಲಿ ಬೇರೆ ದೇಶದ ಹೆಸರು ಹೇಳಿ ಬೈಯುತ್ತಾರೆ. ಬೈಗುಳ ಅದೇ.

ಇಂಟರ್‌ವ್ಯೂಗೆ ಸ್ವಲ್ಪ ದಿನ ಇರುವಾಗ ಮಗಳು ಅರ್ಜಿಯ ಪ್ರಶ್ನೆಗಳನ್ನು ಅಭ್ಯಾಸಕ್ಕೆಂದು ಓದಿದಳು. ಕೊಲೆ ಮಾಡಿದ್ದೀಯಾ, ಇಲ್ಲ. ಕುಡಿತ ಇದೆಯಾ, ಇಲ್ಲ. ಕಮ್ಯುನಿಸ್ಟ್ ಪಕ್ಷದಲ್ಲಿ ಯಾವತ್ತಾದರೂ ಇದ್ದೆಯಾ? ಹೌದು ಅಂದೆ.

ಮಗಳು ಕತ್ತೆತ್ತಿ ನೋಡಿದಳು. ಅಳಿಯಂದಿರು ಅಡುಗೆಮನೆಯಿಂದ ಬಂದು ನಿಂತರು. ಅರ್ಜಿಯಲ್ಲಿ ಅವರು ಇಲ್ಲ ಅಂತ ಗುರುತು ಹಾಕಿ ಕಳಿಸಿಯಾಗಿತ್ತು. ಅತ್ತೆ ಅಂಥದ್ದೇನು ಮಾಡಿರುತ್ತಾರೆ ಅಂತ ಅವರ ಎಣಿಕೆ.

“ಅತ್ತೆ, ಅದು ಬರೀ ಮಿಲ್ಲಿನ ಯೂನಿಯನ್. ಪಾರ್ಟಿ ಅಲ್ಲ. ನೋ ಅಂದ್ಬಿಡಿ, ಮುಗೀತು.”

“ಪಾರ್ಟಿನೇ ಕಣ್ರಿ. ಕಾರ್ಡ್ ನನ್ನ ಕುಪ್ಪಸದಲ್ಲೇ ಇರ್ತಿತ್ತು.”

“ಅಮ್ಮಾ, ಎಷ್ಟು ವರ್ಷದ ಹಿಂದಿನ್ ಮಾತು ಅದು? ಯಾರಿಗೆ ಗೊತ್ತಾಗತ್ತೆ?” ಅಂದಳು ಮಗಳು.

“ನಿನ್ನನ್ನ ತೂಗಿದ ತೊಟ್ಟಿಲು ಅವರು ಕೊಡಿಸಿದ್ದು. ಅವರು ಇರಲಿಲ್ಲ ಅನ್ನೋದಾದ್ರೆ, ನೀನು ಬೆಳೆದಿಲ್ಲ ಅಂತ ಮೊದಲು ಹೇಳು.”

ಇದನ್ನು ಬಿಡಿಸಿ ಹೇಳಬೇಕು. ನಾನು ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ನೂಲಿನ ಲಡಿ ಸುತ್ತುತ್ತಿದ್ದೆ, ತಂಗಿಯೂ ಅಲ್ಲೇ. ಹೆಂಗಸರಿಗೆಲ್ಲ ಸೇರಿ ಇದ್ದದ್ದು ಒಂದು ಕಕ್ಕಸು, ಅದಕ್ಕೆ ಬಾಗಿಲಿರಲಿಲ್ಲ. ಪಾಳಿ ಮುಗಿಯುವವರೆಗೆ ನಾವು ನೀರೇ ಕುಡಿಯುತ್ತಿರಲಿಲ್ಲ. ಎಳೆಗೂಸುಗಳನ್ನು ಹತ್ತಿಯ ಮೂಟೆ ಪಕ್ಕ ಮಲಗಿಸುತ್ತಿದ್ದೆವು. ನಮ್ಮ ಕಷ್ಟ ಕೇಳಲು ಬಂದವರು ಕೆಂಪು ಬಾವುಟದವರು ಮಾತ್ರ, ಅದಕ್ಕೆ ಸೇರಿದೆವು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಒಂದು ದಿನ ಹೆಂಗಸರೆಲ್ಲ ಕೆಲಸ ನಿಲ್ಲಿಸಿ, ಸಾಲಾಗಿ ಮ್ಯಾನೇಜರ ಬಂಗಲೆಗೆ ನಡೆದೆವು. ಗಲಾಟೆಯಿಲ್ಲ, ಘೋಷಣೆಯಿಲ್ಲ. ನಮ್ಮ ಕಕ್ಕಸಿಗೆ ಬಾಗಿಲಿಲ್ಲ, ನಿಮ್ಮದನ್ನು ಬಳಸಿಕೊಂಡು ಹೋಗುತ್ತೇವೆ ಅಂದೆವು. ಸಾಲು ಗೇಟು ದಾಟಿ ರಸ್ತೆಯವರೆಗಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಬಂದೆವು, ಅವರ ಹೆಂಡತಿ ಜಗುಲಿಯಲ್ಲಿ ಸೆರಗು ಮೂಗಿಗೆ ಹಿಡಿದು ಕೂತಿದ್ದರು. ಆ ತಿಂಗಳೇ ಹೊಸ ಕಕ್ಕಸಿನ ಸಾಲು ಎದ್ದಿತು. ಮುಂದೆ ತೊಟ್ಟಿಲಿನ ಕೋಣೆಯೂ ಬಂತು. ಕೆಲವು ವರ್ಷದ ಮೇಲೆ ಮಿಲ್ಲು ಮುಚ್ಚಿತು, ಕಾರ್ಡು ಎಲ್ಲಿ ಹೋಯಿತೋ ತಿಳಿಯದು. ರಷ್ಯಾ ಎಲ್ಲಿದೆ ಅಂತ ನನಗೆ ಆಗಲೂ ಗೊತ್ತಿರಲಿಲ್ಲ.

ಪಕ್ಕದ ಮನೆ ಅಜ್ಜಿಗೆ ನಾನು ಆ ಪಕ್ಷದವಳಾಗಿದ್ದೆ ಅಂತ ಬೇಲಿ ಹತ್ತಿರ, ಕಮ್ಯುನಿಸ್ಟ್ ಅಂದು ಎದೆ ಮುಟ್ಟಿ ತೋರಿಸಿ, ಹೇಳಿಬಿಟ್ಟೆ. ಅವಳು ಕೆಲವು ದಿನ ಬೇಲಿಯ ಕಡೆ ಬರಲೇ ಇಲ್ಲ. ಆಮೇಲೆ ತನ್ನ ಮರದ, ಅಕ್ರೋಟಿನಂಥ ಪೆಕಾನ್ ಕಾಯಿ ಒಂದು ಚೀಲ ಹಿಡಿದು ಬಂದು, ಮಗಳನ್ನು ಕರೆಸಿ, ನಿಮ್ಮವರ ಹತ್ತಿರ ನಮ್ಮ ಮೇಲೆ ಹಾಕುವ ಬಾಂಬು ಇತ್ತಾ ಅಂತ ಕೇಳಿದಳು. ನಮ್ಮ ಹತ್ತಿರ ಬಾಗಿಲೇ ಇರಲಿಲ್ಲ ಅಂತ ಹೇಳಿಸಿದೆ. ಪೂರ್ತಿ ಕಥೆ ಕೇಳಿ ಅವಳು ಬೇಲಿ ಹಿಡಿದುಕೊಂಡು ನಕ್ಕಳು.

ಇಂಟರ್‌ವ್ಯೂ ದಿನ ಅನುವಾದಕ್ಕೆ ಬಂದವರು ಹುಬ್ಬಳ್ಳಿ ಕಡೆಯ ಹೆಂಗಸು. ಆಸ್ಟಿನ್ ಪಕ್ಕದ ಲಿಯಾಂಡರ್‌ನಿಂದ ಹಿಂದಿನ ದಿನವೇ ಕಾರು ಓಡಿಸಿಕೊಂಡು ಬಂದಿದ್ದರು. ಒಳ್ಳೆಯವರು, ಮಾತನ್ನು ಮೆತ್ತಗೆ ಮಾಡುವ ಚಾಳಿಯವರು. ಬಾಗಿಲಲ್ಲಿ ನಿಂತು ನನ್ನ ಹೆಸರು ಕರೆದ ಅಧಿಕಾರಿ ನಡುವಯಸ್ಸಿನ ಹೆಂಗಸು. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಓದಿ ಅನುವಾದಕಿ ನನ್ನ ಕೈ ಹಿಡಿದರು.

“ಅಕ್ಕಾರ, ಇವ್ರು ವಿಯೆಟ್ನಾಂ ಕಡೇಯವ್ರು ಅದಾರ. ಕಮ್ಯುನಿಸ್ಟರಿಗೆ ಹೆದರಿ ದೋಣಿ ಹತ್ತಿ ಬಂದ ಮಂದಿರಿ. ಆ ಮಾತು ಬಂದ್ರ ಇಲ್ಲ ಅಂದ್ಬಿಡ್ರಿ.”

“ದೋಣಿ ಹತ್ತಿ ಬಂದವರಿಗೆ ಸುಳ್ಳು ಗೊತ್ತಾಗಲ್ವೇನ್ರಿ?” ಅಂದು ಒಳಗೆ ಹೋದೆ.

ಅಧಿಕಾರಿ ಬಲಗೈ ಎತ್ತಿಸಿ ಸತ್ಯ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿದಳು. ಮೊದಲು ದೇಶದ ಪ್ರಶ್ನೆಗಳು. ಅವಳು ಒಂದು ಕೇಳುವಳು, ನಾನು ತುಟಿಯಲ್ಲೇ ಮೊದಲಿಂದ ಹಾಡಿಕೊಂಡು ಬಂದು ಅಲ್ಲಿಗೆ ನಿಲ್ಲುವೆನು. ಇವರು ಏನು ಗೊಣಗುತ್ತಾರೆ ಅಂತ ಅವಳು ಕೇಳಿದಳು, ಪ್ರಾರ್ಥನೆ ಅಂತ ಅನುವಾದಕಿ ಹೇಳಿದರೇನೋ, ಅವಳು ಮುಂದಿನ ಪ್ರಶ್ನೆಗೆ ಹೋದಳು. ಶೀತಲ ಸಮರದ ಪ್ರಶ್ನೆಯೂ ಬಂತು. ಅಮೆರಿಕದ ಮುಖ್ಯ ಚಿಂತೆ ಏನಾಗಿತ್ತು? ಕಮ್ಯುನಿಸಂ ಅಂದೆ. ಅಂದರೆ ನಾನು. ಕೇಳಿದ್ದಕ್ಕೆಲ್ಲ ಉತ್ತರ ಸರಿಯಾಗಿ, ಪರೀಕ್ಷೆ ಪಾಸಾಯಿತು. ಜನ್ಮದಲ್ಲಿ ನಾನು ಪಾಸಾದ ದೊಡ್ಡ ಪರೀಕ್ಷೆ ಅದೇ.

ಆಮೇಲೆ ಅರ್ಜಿ. ಆ ಪ್ರಶ್ನೆ ಬಂದಾಗ ಹೌದು ಅಂದು, ಅರ್ಜಿಯಲ್ಲಿ ಇಲ್ಲ ಅಂತ ಇರುವುದು ತಪ್ಪು, ಅಳಿಯ ನನ್ನನ್ನು ಕೇಳದೆ ತುಂಬಿದ್ದು, ತಿದ್ದಿಕೊಳ್ಳಿ ಅಂದೆ. ಮಿಲ್ಲು, ಬಾಗಿಲಿಲ್ಲದ ಕಕ್ಕಸು, ಬಂಗಲೆಯ ಸಾಲು, ಎಲ್ಲ ಹೇಳಿದೆ. ಅನುವಾದಕಿ ಎರಡೇ ಮಾತಿನಲ್ಲಿ ಮುಗಿಸಿದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಉದ್ದ ಗೊತ್ತಾಗುತ್ತದೆ.

“ನಾನು ಅಷ್ಟುದ್ದ ಹೇಳಿದ್ದು ಇಷ್ಟೇ ಆಯ್ತಾ? ಕಕ್ಕಸಿನ ಮಾತು ಬಂದೇ ಇಲ್ಲ. ಪೂರ್ತಿ ಹೇಳ್ರಿ.”

ಅಧಿಕಾರಿಗೂ ಅನುಮಾನ ಬಂದು, ಅವರು ಹೇಳಿದ್ದನ್ನು ಬಿಡದೆ ಹೇಳಿ ಅಂತ ಗಟ್ಟಿಯಾಗಿ ಅಂದಳು. ಅನುವಾದಕಿ ನೀರು ಕುಡಿದು ಮತ್ತೆ ಶುರು ಮಾಡಿದರು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ, ಸರ್ಕಾರವನ್ನು ಬಲದಿಂದ ಉರುಳಿಸಬೇಕು ಅಂತ ಅಂದುಕೊಂಡಿದ್ದಿರಾ, ಎಲ್ಲ ಕೇಳಿದಳು.

“ಮಿಲ್ಲಿನ ಮ್ಯಾನೇಜರನ್ನೇ ಉರುಳಿಸೋಕೆ ಆಗಲಿಲ್ಲ,” ಅಂದೆ. ಈ ಸಲ ಅನುವಾದಕಿ ಒಂದು ಅಕ್ಷರವನ್ನೂ ಬಿಡಲಿಲ್ಲ.

ಅವಳು ಅಲ್ಲೇ ಗೀಟು ಎಳೆದು ತಿದ್ದಿ, ನನ್ನಿಂದ ಸಹಿ ಹಾಕಿಸಿಕೊಂಡು ಹೊರಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅನುವಾದಕಿ ಸೆರಗಿನ ತುದಿ ಸುರುಳಿ ಸುತ್ತುತ್ತಾ ಕೂತರು. ನಾನು ತಂಗಿಯ ಮಂಡಿಯನ್ನು ನೆನೆದೆ. ಇಲ್ಲಿ ಆಗದು ಅಂದರೆ ಅವಳು ಕೂಲಿಯವರ ಕೈ ಹಿಡಿದು ನಡೆಯುವುದನ್ನು ಕಲಿಯಬೇಕು. ನಾನು ನೆಂಟಳಾಗಿ ಹೋಗಿ ನೆಂಟಳಾಗಿ ಬರಬೇಕು. ಆದರೂ ಹೇಳಿದ್ದನ್ನು ಹಿಂತೆಗೆದುಕೊಳ್ಳಬೇಕು ಅಂತ ಅನ್ನಿಸಲಿಲ್ಲ.

ಅವಳು ವಾಪಸ್ ಬಂದು ಕೂತಳು. ಪಕ್ಷ ಬಿಟ್ಟು ಹತ್ತು ವರ್ಷಕ್ಕಿಂತ ಮೇಲಾಗಿದ್ದರೆ ಅಡ್ಡಿಯಿಲ್ಲವಂತೆ. ಅದೂ ಅಲ್ಲದೆ ನೀವೇ ಮೊದಲು ಹೇಳಿ ತಿದ್ದಿಸಿದಿರಿ, ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಅದು ಬೇರೆ ಮಾತಾಗುತ್ತಿತ್ತು ಅಂದಳು. ಮಂಜೂರಾಗಿದೆ ಅಂತ ಕಾಗದ ಕೊಟ್ಟಳು. ನಾವು ಏಳುವಾಗ ಅವಳು ಇನ್ನೊಂದು ಕೇಳಿದಳು. ಅದು ಅವರ ಪಟ್ಟಿಯದಲ್ಲ ಅಂತ ಅನುವಾದಕಿಯ ಮುಖವೇ ಹೇಳುತ್ತಿತ್ತು.

“ಕೊನೀಗೆ ಬಾಗಿಲಾ ಹಾಕಿಸಿದ್ರೇನು ಅಂತ ಕೇಳಾಕತ್ತಾರ್ರಿ.”

“ಬಾಗಿಲೂ ಹಾಕಿಸಿದ್ರು, ಒಳಗಿಂದ ಚಿಲಕಾನೂ ಹಾಕಿಸಿದ್ರು ಅನ್ನಿ.”

ಅಧಿಕಾರಿ ತಲೆಯಾಡಿಸಿ ನನ್ನ ಕೈ ಕುಲುಕಿದಳು. ಗಟ್ಟಿ ಕೈ.

ಕಾರು ಓಡಿಸುತ್ತಿದ್ದವರು ಅಳಿಯಂದಿರು. ಸಿಗ್ನಲ್ಲಿನಲ್ಲಿ ನಿಂತಾಗ, ಅತ್ತೆ, ಇನ್ನು ಮೇಲೆ ಕೇಳಿ ತುಂಬ್ತೀನಿ ಅಂದರು. ಆಗಲಿ ಅಂದೆ. ಅವರಿಗೂ ಪಾಪ, ಬೆವರು ಇಳಿದಿತ್ತು.

ಪೌರತ್ವದ ಪ್ರಮಾಣದ ದಿನ ದೊಡ್ಡ ಹಾಲಿನಲ್ಲಿ ಎಲ್ಲೆಲ್ಲಿಯವರೋ ಇದ್ದರು. ಪಕ್ಕದ ಮನೆ ಅಜ್ಜಿಯೂ ಹೂವಿನ ಟೋಪಿ ಹಾಕಿಕೊಂಡು ಬಂದಿದ್ದಳು. ಸಂಜೆ ತಂಗಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

“ಅಯ್ಯೋ ಅಕ್ಕಾ, ಆ ಕಕ್ಕಸಿನ ವಿಷಯ ಅಲ್ಲೂ ಹೇಳಿದ್ಯಾ? ಮಾನ ಮರ್ಯಾದೆ ಇದ್ಯಾ ನಿಂಗೆ?”

“ಇರೋದಕ್ಕೇ ಕಣೇ ಅವತ್ತು ಬಾಗಿಲು ಕೇಳಿದ್ದು.”

ಅವಳು ನಗುತ್ತಾ ನಗುತ್ತಾ ಕೆಮ್ಮಿದಳು. ಆಮೇಲೆ, ಹಾಗಾದ್ರೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಸ್ತೀನಿ ಅಂದಳು.

ಅಮೆರಿಕದವಳಾದ ಮೇಲೆ ಭಾರತಕ್ಕೆ ಹೋಗಲು ನನಗೆ ಇನ್ನೊಂದು ಕಾರ್ಡು ಬೇಕಂತೆ. ಅದನ್ನೂ ಅಳಿಯಂದಿರೇ ಮಾಡಿಸಿದರು, ಈ ಸಲ ಒಂದೊಂದೂ ಕೇಳಿ ತುಂಬಿದರು. ಮಗಳು ಲ್ಯಾಪ್‌ಟಾಪ್ ತೆರೆದು ಟಿಕೆಟ್ ನೋಡುತ್ತಾ, ವಾಪಸ್ ಯಾವತ್ತಿಗೆ ಹಾಕಲಿ ಅಂದಳು. ನನ್ನ ತಂಗಿ ಒಬ್ಬಳೇ ಮೆಟ್ಟಿಲು ಹತ್ತಿ ಇಳಿದ ದಿನಕ್ಕೆ ಅಂದೆ. ಅಂಥ ತಾರೀಕು ಇದರಲ್ಲಿಲ್ಲ ಅಂದಳು. ಹಾಗಾದರೆ ಹೋಗುವುದಕ್ಕೆ ಮಾತ್ರ ತೆಗಿ, ಬರುವುದನ್ನು ನಾನು ಅಲ್ಲಿಂದ ಹೇಳುತ್ತೇನೆ ಅಂತ ಹೇಳಿ, ಬಟ್ಟೆ ಜೋಡಿಸಲು ಎದ್ದೆ.